ಕೆಂಪು ಪೆನ್ಸಿಲ್ ಎಳೆದ ಸಾಲು

ಗುರುವಾರ, ಮಧ್ಯಾಹ್ನ

ಪ್ರೀತಿಯ ಸಭಾಪಾಲಕರಿಗೆ, ಅಂದರೆ ನನ್ನ ಗಂಡನಿಗೆ,

ಒಂದೇ ಮನೆಯಲ್ಲಿದ್ದುಕೊಂಡು ಪತ್ರ ಬರೆಯುತ್ತಾಳಲ್ಲ ಎಂದು ನಗಬೇಡಿ. ನಾನು ಬಾಯಿ ತೆರೆದರೆ ನೀವು ಪ್ರಸಂಗ ಶುರು ಮಾಡುತ್ತೀರಿ. ಕಾಗದವಾದರೆ ನಡುವೆ ಬಾಯಿ ಹಾಕಲು ಆಗುವುದಿಲ್ಲ.

ನಿನ್ನೆ ಚರ್ಚಿನಲ್ಲಿ ಹಿರಿಯರ ಸಮಿತಿಯ ಮುಂದೆ ನಮ್ಮ ಮಗಳನ್ನು, ನೀವೇ ಪಟಾಕಿ ಎಂದು ಹೆಸರಿಟ್ಟವಳನ್ನು, ನಿಲ್ಲಿಸಿದಿರಿ. ಭಾನುವಾರ ಯುವಜನರ ಆರಾಧನೆಯಲ್ಲಿ ಅವಳ ಬ್ಯಾಂಡ್ ಹಾಡಬೇಕಾದ ರ‍್ಯಾಪ್ ಹಾಡು ನಿಮ್ಮ ಕೈಯಲ್ಲಿತ್ತು. ಯಾವ ಹಾಡೇ ಆಗಲಿ, ನಿಮ್ಮ ಕೆಂಪು ಪೆನ್ಸಿಲ್ ದಾಟಿಯೇ ಬರಬೇಕಲ್ಲ. ಗಿಟಾರ್ ಜೋರಾಯಿತು ಎಂದಿರಿ, ಸರಿ. ಡ್ರಮ್ಸ್ ಬಾರಿಸಿದರೆ ಕಿಟಕಿ ಗಾಜು ನಡುಗುತ್ತದೆ ಎಂದಿರಿ, ಅದೂ ನಿಜ. ಆಮೇಲೆ "ಅವತ್ತು ಎಲ್ಲಿದ್ದೆ ದೇವರೇ, ನಾನು ಬಾಗಿಲು ಬಡಿಯುತ್ತಿದ್ದೆ" ಎಂಬ ಸಾಲಿಗೆ ಗೆರೆ ಎಳೆದು, ಇದು ಕಷ್ಟ ಎಂದರೇನೆಂದು ಗೊತ್ತಿಲ್ಲದ ಹುಡುಗಿಯ ಶೋಕಿ ಎಂದಿರಿ. ಆ ಸಾಲು ತೆಗೆಯದಿದ್ದರೆ ಬ್ಯಾಂಡಿಗೆ ಚರ್ಚಿನ ಬಾಗಿಲು ಮುಚ್ಚಿತು ಎಂದೂ ಹೇಳಿದಿರಿ.

ಅವಳು ತುಟಿಪಿಟಕ್ ಎನ್ನಲಿಲ್ಲ. ಮಾತಿನಲ್ಲಿ ಯಾರನ್ನೂ ಬಿಡದವಳು ನೆಲ ನೋಡುತ್ತಾ ನಿಂತಿದ್ದಳು. ನಾನೂ ಬಾಯಿಗೆ ಬೀಗ ಹಾಕಿಕೊಂಡು ಆರ್ಗನ್ ಮುಂದೆ ಕೂತಿದ್ದೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಈಗ ಕೇಳಿ. ಇಪ್ಪತ್ತೆರಡು ವರ್ಷ ನಿಮ್ಮ ಪ್ರಸಂಗದ ಹಿಂದೆ ಮುಂದೆ ಆರ್ಗನ್ ನುಡಿಸಿದ್ದೇನೆ. ಯಾರು ತೂಕಡಿಸುತ್ತಾರೆ, ಯಾರು ಗಡಿಯಾರ ನೋಡುತ್ತಾರೆ ಎಲ್ಲ ಆರ್ಗನ್ ಮೇಲಿನ ಕನ್ನಡಿಯಲ್ಲಿ ನನಗೆ ಕಾಣುತ್ತದೆ. ಹರೆಯದ ಮಕ್ಕಳು ಒಬ್ಬೊಬ್ಬರಾಗಿ ಜಾರಿಕೊಂಡದ್ದನ್ನೂ ಅದರಲ್ಲೇ ನೋಡಿದೆ. ಇವಳ ಬ್ಯಾಂಡ್ ಶುರುವಾದ ಮೇಲೆ ಹಿಂದಿನ ಬೆಂಚುಗಳು ತುಂಬಿದವು. ಹೋದ ವಾರ ಅಭ್ಯಾಸದಲ್ಲಿ ಆ ಸಾಲು ಬಂದಾಗ ದರ್ಜಿಯ ಮಗಳು, ತಾಯಿ ತೀರಿಕೊಂಡ ಮೇಲೆ ಯಾರ ಹತ್ತಿರವೂ ಮಾತಾಡದವಳು, ಗೊಳೋ ಎಂದು ಅತ್ತುಬಿಟ್ಟಳು. ನಿಮ್ಮ ಯಾವ ಪ್ರಸಂಗಕ್ಕೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿಲ್ಲ.

ಹಾಗಾಗಿ ಭಾನುವಾರ ಆ ಹಾಡು ಇರುತ್ತದೆ, ಆ ಸಾಲೂ ಇರುತ್ತದೆ. ಕೀಬೋರ್ಡ್ ನುಡಿಸುವವಳು ನಾನು. ಬಾಗಿಲು ಮುಚ್ಚಿದರೆ ಹೊರಗೆ ಮೆಟ್ಟಿಲ ಮೇಲೆ ನುಡಿಸುತ್ತೇವೆ. ಒಳಗೆ ಆರ್ಗನ್ ನೀವೇ ನುಡಿಸಿಕೊಳ್ಳಿ. ನಿಮ್ಮ ಎರಡು ಬೆರಳಿನ ಸಂಗೀತ ಕೇಳಿ ಹಿರಿಯರೂ ಸಂತೋಷಪಡಲಿ!

ಊಟ ಮುಚ್ಚಿಟ್ಟಿದ್ದೇನೆ. ಸಿಟ್ಟಿನಲ್ಲಿ ಹಸಿದುಕೊಂಡು ಇರಬೇಡಿ.

ಈಗಲೂ ನಿಮ್ಮವಳೇ ಆದ,
ಆರ್ಗನ್ನಿನವಳು

ಮರೆತದ್ದಲ್ಲ, ಧೈರ್ಯ ಸಾಲದೆ ಕೊನೆಗಿಟ್ಟ ಮಾತು: ಆ ಸಾಲು ಅವಳದಲ್ಲ, ನನ್ನದು. ನಮ್ಮ ಮೊದಲ ಮಗು ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ ವಾರ ಸ್ವರಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿದ್ದೆ. ಅಳಬೇಡ, ಭಾನುವಾರ ನುಡಿಸು ಎಂದಿರಿ, ನುಡಿಸಿದೆ. ಈ ವರ್ಷ ಆ ಹಾಳೆ ಮಗಳಿಗೆ ಸಿಕ್ಕಿತು. ನನ್ನ ಹೆಸರು ಹೇಳಬಾರದೆಂದು ಅವಳಿಂದ ಮಾತು ತೆಗೆದುಕೊಂಡಿದ್ದೆ. ನಿನ್ನೆ ಅವಳು ಉಳಿಸಿಕೊಂಡದ್ದು ಆ ಮಾತನ್ನು. ನಿಮ್ಮ ಕೆಂಪು ಪೆನ್ಸಿಲ್ ಪತ್ರದ ಜೊತೆಗೇ ಇಟ್ಟಿದ್ದೇನೆ. ಇನ್ನೊಮ್ಮೆ ಗೆರೆ ಎಳೆಯುವುದಿದ್ದರೆ ನನ್ನ ಕಣ್ಣೆದುರು ಎಳೆಯಿರಿ.