ಮಖಮಲ್ ಕೊಂಬಿನ ಬ್ರಹ್ಮಚಾರಿ

ನವೆಂಬರ್ 12. ಬೆಳಿಗ್ಗೆ 10

ಐಲಿ ಮಲಗಿ ಇಪ್ಪತ್ತು ನಿಮಿಷ. ಎರಡು ಸಲ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಉಸಿರಿದೆ. ನಾಲ್ಕು ತಿಂಗಳಿಂದ ಇದ್ದೇ ಇದೆ, ನನಗೇ ನಂಬಿಕೆಯಿಲ್ಲ. ನಿನ್ನೆ ಟೋಬಿಯನ್ನು ಮೂರು ಸಲ ಎಬ್ಬಿಸಿದೆ. ಮೂರನೇ ಸಲ, "ಮಗು ಚೆನ್ನಾಗಿದೆ ಕಣೇ, ಸಾಯ್ತಿರೋನು ಅದರಪ್ಪ" ಅಂದ. ನಗು ಬಂತು. ನಿದ್ದೆ ಬರಲಿಲ್ಲ.

ನಾಳೆ ಎಲ್ಲರೂ ಕಾಡಿನ ಬೇಟೆ ಕ್ಯಾಂಪಿಗೆ. ಡೈಪರ್, ಬಂದೂಕು, ಕಿತ್ತಳೆ ಜಾಕೆಟ್, ಥರ್ಮಾಮೀಟರ್... ಥರ್ಮಾಮೀಟರ್ ಎರಡು.

ನವೆಂಬರ್ 14. ಮಧ್ಯಾಹ್ನ, ಕ್ಯಾಂಪು

ಮೊಣಕಾಲುದ್ದ ಹಿಮ. ಸರೋವರದ ಕಡೆಯಿಂದ ಗಾಳಿ. ಅತ್ತೆಯ ಏಲಕ್ಕಿ ಬ್ರೆಡ್ಡಿನ ವಾಸನೆ — ಸುಖ.

ಊಟದಲ್ಲಿ ಮಾವ ಮೊಣಕಾಲು ನೀವಿಕೊಳ್ಳುತ್ತಾ, "ಆಪರೇಷನ್ ಆದ ಕಾಲು ಏಣಿ ಹತ್ತಲ್ಲ. ಹೆಲ್ಮಿ, ಈ ಸಲ ಮರದ ಮೇಲಿನ ನನ್ನ ಅಟ್ಟಣೆ ನಿಂದು" ಅಂದರು ನನಗೆ.

ಟೋಬಿ ಚಮಚ ಕೆಳಗಿಟ್ಟ. "ಅಪ್ಪಾ, ನಿಮ್ಮ ಮಗ ನಾನು."

"ಗೊತ್ತು. ಹೋದ ವರ್ಷ ಮರಕ್ಕೆ ಗುಂಡು ಹೊಡೆದೋನೂ ನೀನೇ."

ಆ ಅಟ್ಟಣೆ ಸಿಕ್ಕಿತೆಂದರೆ ಮನೆಯವರೆಲ್ಲ ಬ್ರಹ್ಮಚಾರಿ ಅಂತ ಕರೆಯುವ ಜಿಂಕೆಯೂ ಸಿಕ್ಕಿದ ಹಾಗೆ. ಬೇರೆ ಗಂಡು ಜಿಂಕೆಗಳು ಸೆಪ್ಟೆಂಬರಿನಲ್ಲೇ ಕೊಂಬಿನ ಮೇಲಿನ ಮಖಮಲ್ ಚರ್ಮ ಉಜ್ಜಿ ಕಳೆಯುತ್ತವೆ. ಇದೊಂದು ಕಳೆಯುವುದಿಲ್ಲ. ಜಗಳಕ್ಕಿಲ್ಲ, ಹೆಣ್ಣಿನ ಹಿಂದೆ ಹೋಗಲ್ಲ. ಅಡ್ಡಾದಿಡ್ಡಿ ಬೆಳೆದ ಗಂಟುಗಂಟು ಕೊಂಬು. ನಾಲ್ಕು ವರ್ಷದಿಂದ ಮಾವನ ಕೈಗೆ ಸಿಗದೆ ಆಡಿಸುತ್ತಿದೆ. ಗೋಡೆಯಲ್ಲಿ ಅದರ ತಲೆಗೆ ಜಾಗ ಖಾಲಿ ಇಟ್ಟಿದ್ದಾರೆ, ಮೊಳೆ ಸಮೇತ.

ಆಮೇಲೆ ಪದ್ಧತಿಯ ಪ್ರಕಾರ, ಕಂಡ ಜಿಂಕೆಗಳನ್ನೆಲ್ಲ ಬರೆದಿಡುವ ಕ್ಯಾಂಪಿನ ಪುಸ್ತಕದ ಮೊದಲ ಪುಟ ಓದಿದರು. ಅವರಮ್ಮನ ಕೈಬರಹ, ಒಂದೇ ಸಾಲು: ಮರಿ ಜೊತೆಗಿರುವ ತಾಯಿಯನ್ನು ಇಲ್ಲಿಯವರು ಹೊಡೆಯಬಾರದು.

ಐಲಿಯನ್ನು ಬಿಟ್ಟು ಐದು ಗಂಟೆ... ಬೇಡ ಅನ್ನೋಣ ಅಂತಿದ್ದೆ. ಅತ್ತೆ ಬಿಡಲಿಲ್ಲ. "ನಾಲ್ಕು ಹೆತ್ತಿದೀನಿ. ಒಂದೂ ಉಸಿರಾಡೋದು ಮರೆತಿಲ್ಲ. ಹೋಗೇ."

ಹನ್ನೆರಡನೇ ವಯಸ್ಸಿನಿಂದ ಬಂದೂಕು ಹಿಡಿದವಳು. ಈಗ ಬಾಗಿಲು ದಾಟಲು ಭಯ.

ನವೆಂಬರ್ 15. ಮಧ್ಯಾಹ್ನ 1

ಎಂಟೂಕಾಲಿಗೆ ಬಂತು. ಬ್ರಹ್ಮಚಾರಿಯೇ. ನಲವತ್ತು ಹೆಜ್ಜೆ ದೂರ, ಪೂರ್ತಿ ಅಡ್ಡ ನಿಂತು. ಕೈ ನಡುಗಲಿಲ್ಲ — ಬರೆದಿಡಬೇಕು ಇದನ್ನ — ಕೈ ಒಂಚೂರೂ ನಡುಗಲಿಲ್ಲ. ಬಂದೂಕಿನ ಸೇಫ್ಟಿ ತೆಗೆದೆ.

ಹಿಂದಿನ ಪೊದೆಯಿಂದ ಮರಿ ಬಂತು. ಈ ವರ್ಷದ್ದು. ಹಾಲು ಕುಡಿಯುವುದು ಬಿಡುವಷ್ಟು ದೊಡ್ಡದಾಗಿದೆ, ಆದರೂ ತಲೆ ಬಗ್ಗಿಸಿ ನೇರ ಅವನ ಹೊಟ್ಟೆ ಕೆಳಗೆ ನುಗ್ಗಿ ಗುದ್ದಿತು. ಬ್ರಹ್ಮಚಾರಿ ಕಾಲು ಅಗಲಿಸಿ ನಿಂತ. ನಿಂತಳು.

ಅಲ್ಲೇ, ಅಟ್ಟಣೆ ಮೇಲೆ, ನನ್ನೆದೆಯಲ್ಲಿ ಹಾಲು ಉಕ್ಕಿತು. ಶರ್ಟು, ಸ್ವೆಟರ್ ಎಲ್ಲ ಒದ್ದೆ. ಸೇಫ್ಟಿ ಹಾಕಿದೆ. ಒಬ್ಬಳೇ ಕೂತು ನಕ್ಕೆ.

ಕಾಲೇಜಿನಲ್ಲಿ ಓದಿದ್ದೆ: ಹಾರ್ಮೋನು ಏರುಪೇರಾದರೆ ಅಪರೂಪಕ್ಕೆ ಹೆಣ್ಣಿಗೂ ಕೊಂಬು ಬರುತ್ತದೆ, ಮಖಮಲ್ ಉದುರುವುದಿಲ್ಲ. ಪರೀಕ್ಷೆಗೆ ಓದಿದ್ದು. ಕಣ್ಣಾರೆ ಕಾಣುತ್ತೇನೆ ಅಂದುಕೊಂಡಿರಲಿಲ್ಲ.

ವಾಪಸ್ ಬಂದರೆ ಐಲಿ ಅತ್ತೆಯ ಹೆಗಲ ಮೇಲೆ, ಬಾಯಿ ತೆರೆದು ನಿದ್ದೆ. "ಏನಾದ್ರೂ ಕಾಣ್ತಾ?" ಅಂದರು ಮಾವ. ಅವರ ಮುಖ ನೋಡಿ... "ಏನೂ ಇಲ್ಲ ಮಾವ" ಅಂದುಬಿಟ್ಟೆ. ದಿನಕ್ಕೆ ಮೂರು ಸಲ ಮಗು ಉಸಿರಾಡ್ತಿಲ್ಲ ಅನ್ನುವವಳ ಮಾತನ್ನು ಯಾರು ನಂಬುತ್ತಾರೆ?

ನವೆಂಬರ್ 20. ಸಂಜೆ

ಐದು ದಿನ ಬರೆದಿಲ್ಲ. ಐಲಿಗೆ ನೆಗಡಿ. ಬರೀ ನೆಗಡಿ ಅಂತೆ. ಥರ್ಮಾಮೀಟರ್ ಎರಡೂ ಹಾಗೇ ಹೇಳುತ್ತಿವೆ.

ಊಟಕ್ಕೆ ಕೂತಾಗ ಟೋಬಿ, "ನಾಳೆ ಆ ಅಟ್ಟಣೆಗೆ ನಾನು ಹೋಗ್ತೀನಿ. ಬ್ರಹ್ಮಚಾರಿ ಮರಕ್ಕೆ ಕಟ್ಟಿರೋ ಕ್ಯಾಮೆರಾದಲ್ಲಿ ಎರಡು ಸಲ ಕಾಣಿಸಿಕೊಂಡಿದಾನೆ" ಅಂದ.

ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಅವಳು ಗೋಡೆಗೆ. ಹೇಳಿದೆ. ಎಲ್ಲ. ಒದ್ದೆ ಶರ್ಟಿನದೂ.

ಟೋಬಿ ಬಿದ್ದು ಬಿದ್ದು ನಕ್ಕ. "ಈಗ ಬ್ರಹ್ಮಚಾರಿಗೂ ಬಾಣಂತನ ಮಾಡಿಸಿದೆಯಾ? ನಿದ್ದೆಗೆಟ್ಟ ಕಣ್ಣು ಕಣೇ ಅದು. ಯಾವುದೋ ಮರಿ ಪಕ್ಕದಲ್ಲಿ ಹಾದು ಹೋಗಿರುತ್ತೆ. ಇನ್ನು ಕಾಯ್ದೆ ಕೇಳಿದರೆ, ಇಷ್ಟುದ್ದ ಕೊಂಬಿದ್ದರೆ ಅದು ಗಂಡೇ."

"ಹಾಗಾದ್ರೆ ಕಾಯ್ದೆನೇ ಹಾಲು ಕುಡಿಸಲಿ" ಅಂದರು ಅತ್ತೆ.

ಮಾವ ನಗಲಿಲ್ಲ. ನನ್ನತ್ತಲೂ ನೋಡಲಿಲ್ಲ. ಗೋಡೆಯ ಮೊಳೆ ನೋಡುತ್ತಾ ಕೂತರು. ಆಮೇಲೆ, "ಟೋಬಿ, ನಾಳೆ ನಾನೂ ಬರ್ತೀನಿ. ಮರದ ಕೆಳಗೆ ಬಕೆಟ್ ಮೇಲೆ ಕೂರ್ತೀನಿ. ನಾನು ಹೇಳೋ ತನಕ ಟ್ರಿಗರ್ ಮುಟ್ಟಬೇಡ."

ನಾನು ನೋಡಿದ್ದು ನಿಜ ತಾನೇ? ಈಗ ನನಗೇ...

ನವೆಂಬರ್ 21. ಬೆಳಿಗ್ಗೆ 8.40

ಗುಂಡಿನ ಸದ್ದು. ಒಂದೇ. ಅಟ್ಟಣೆ ಕಡೆಯಿಂದಲೇ.

ಅತ್ತೆ ಬ್ರೆಡ್ಡಿನ ಹಿಟ್ಟು ನಾದುವುದನ್ನು ನಿಲ್ಲಿಸಿದರು.

11.15

ಬಂದರು. ಎಳೆದು ತಂದಿದ್ದಾರೆ. ಕಿಟಕಿಯಿಂದ ಕೊಂಬು ಮಾತ್ರ ಕಂಡಿತು, ನೋಡಲು ಧೈರ್ಯ ಬರಲಿಲ್ಲ... ಆಮೇಲೆ ನೋಡಿದೆ. ನುಣುಪು ಕೊಂಬು! ಎಂಟು ಕವಲು. ಮಖಮಲ್ ಇಲ್ಲ.

ಟೋಬಿ ಮುಖ ಕೆಂಪಗೆ ಒಳಗೆ ಬಂದ. ತಪ್ಪೊಪ್ಪಿಕೊಳ್ಳುವಾಗ ಅವನು ಬೂಟನ್ನೇ ನೋಡುವುದು. "ನಿನ್ನ ಬ್ರಹ್ಮಚಾರಿ ಮರಿ ಜೊತೆ ಬಂದ್ಲು. ನಾವು ಹೊಡೆದ ಇವನು ಅವಳ ಹಿಂದೆ ಬಿದ್ದಿದ್ದ — ಮದುವೆ ಆಗು, ಮದುವೆ ಆಗು ಅಂತ."

"ಅವಳಿಗೆ ಕೊಂಬಿದೆ ಅಂತ ಇವನಿಗೇನೂ ಬೇಜಾರಿರಲಿಲ್ಲ" ಅಂದರು ಮಾವ. ಪುಸ್ತಕ ತೆಗೆದು ನಾಲ್ಕು ವರ್ಷದಿಂದ ಬರೆದಿದ್ದ 'ಬ್ರಹ್ಮಚಾರಿ' ಅನ್ನೋ ಪದಗಳ ಮೇಲೆಲ್ಲ ಒಂದೊಂದಾಗಿ ಗೀಟು ಎಳೆದು, ಪೆನ್ನು ನನ್ನ ಕೈಗೆ ಕೊಟ್ಟರು. ಬರೆದೆ: ತಾಯಿ, ಒಂದು ಮರಿ. ಇಬ್ಬರೂ ಆರೋಗ್ಯ.

ಗೋಡೆಯ ಮೊಳೆಗೆ ಮಾವ ಐಲಿಯ ಟೋಪಿ ನೇತು ಹಾಕಿದ್ದಾರೆ. ಅವಳನ್ನು ಎತ್ತಿಕೊಂಡು, "ನಿನ್ನ ಕಣ್ಣು ಸರಿಯಾಗೇ ಇದೆ ಮಗಳೇ. ಈಗ ಅದನ್ನ ಮುಚ್ಚು. ನಾನಿದೀನಿ" ಅಂದರು.

ಮಲಗುತ್ತೇನೆ. ಹಾಸಿಗೆ ಬೆಚ್ಚಗಿದೆ, ಪೆನ್ನು ಕೈಯಿಂದ ಜಾರುತ್ತಿದೆ. ಆಚೆ ಮಾವ ಅವಳಿಗೆ ಜಿಂಕೆ ಕಥೆ ಹೇಳುತ್ತಿದ್ದಾರೆ, ಕೇಳಿಸುತ್ತಿದೆ. ಒಂದೇ ಒಂದು ಸಲ ಎದ್ದು ಹೋಗಿ ಅವಳ ಉಸಿರು