ಆರನೇ ವಿಡಿಯೊದ ಎರಡು ನಿಮಿಷ

ಮಾರ್ಚ್ 4, ಸೋಮವಾರ

ಹೀಟರ್ ಮತ್ತೆ ಕೈಕೊಟ್ಟಿದೆ. ಕೋಟು ಹಾಕಿಕೊಂಡೇ ಎಡಿಟಿಂಗ್. ಊರಿಗೆ ಒಪ್ಪಂದ ತಿಳಿಸಿಕೊಡುವ ಐದನೇ ವಿಡಿಯೊ ಮುಗಿಯಿತು — ‘ಮಾತುಕತೆಯ ಮೇಜಿಗೆ ಯಾರು ಯಾರು ಕೂರುತ್ತಾರೆ’. ಹನ್ನೊಂದು ನಿಮಿಷ. ಪೂರ್ತಿ ನೋಡಿದವಳು ನಾನೊಬ್ಬಳೇ ಇರಬೇಕು. ಮೇ 25ಕ್ಕೆ ಊರಿನ ಮತದಾನ. ಮೂಲನಿವಾಸಿಗಳಾದ ನಮಗೂ ಸರ್ಕಾರಕ್ಕೂ ನಡುವೆ ಜಮೀನಿನ ಒಪ್ಪಂದ ಬೇಕೋ ಬೇಡವೋ. ಅದಕ್ಕೆ ಮೊದಲು ಆರನೆಯದೂ ಆಗಬೇಕು.

ಇವತ್ತು ಮಾತಾಡಿದ್ದು: ಪೋಸ್ಟ್ ಆಫೀಸಿನವಳ ಜೊತೆ ಒಂದು ಸಲ. ಕಂಪ್ಯೂಟರ್ ಜೊತೆ ಲೆಕ್ಕವಿಲ್ಲ.

ಮಾರ್ಚ್ 12, ಮಂಗಳವಾರ

ಆರನೆಯದಕ್ಕೆ ಎಲ್ವುಡ್ ಮಾವ ಬಂದರು. ಅಮ್ಮನ ತಮ್ಮ. ಇಪ್ಪತ್ತೆರಡು ವರ್ಷ ಸರ್ಕಾರದವರ ಎದುರು ಕೂತು ನಮ್ಮ ಪರ ಮಾತಾಡಿದವರು. ಆಕ್ಸಿಜನ್ ಸಿಲಿಂಡರ್ ಎಳೆದುಕೊಂಡೇ ಬಂದರು.

ಕ್ಯಾಮೆರಾ ಆನ್ ಮಾಡುವ ಮೊದಲು ಎಂದಿನ ಹಾಗೆ ಕೈಗೆ ಎರಡು ಕ್ವಾರ್ಟರ್, ಇಪ್ಪತ್ತೈದು ಸೆಂಟಿನ ನಾಣ್ಯ. ‘ತಗೋ ಮಗಳೇ. ಕಣ್ಣು ಬಿಟ್ಕೊಂಡು ನೋಡು, ಕಿವಿ ಬಿಟ್ಕೊಂಡು ಕೇಳು. ನಿದ್ದೆ ಗಿದ್ದೆ ಮಾಡ್ಬಿಟ್ಟೀಯ!’ ಕಾರಿಡಾರಿನ ಕಾಫಿ ಮಷಿನ್‌ಗೆ ಸರಿಯಾಗಿ ಅಷ್ಟೇ ಬೇಕು. ಮೂರು ವರ್ಷದಿಂದ ಪ್ರತಿ ರೆಕಾರ್ಡಿಂಗಿಗೂ ಒಂದು ಕಾಫಿ ಮಾವನ ಲೆಕ್ಕದಲ್ಲಿ. ಕುಡಿದೆ.

ಕೊನೆಯಲ್ಲಿ ನಾನು ಕೇಳದೇ ಇದ್ದದ್ದನ್ನು ಹೇಳಿದರು. ಬರೆದಿಡುತ್ತೇನೆ.

‘ಹೊಳೆಯ ಮೇಲಿನ ತಿರುವನ್ನ ನಮ್ಮ ಪಾಲಿನ ನಕ್ಷೆಯಿಂದ ಬಿಟ್ಟುಕೊಟ್ಟವನು ನಾನು. ಅದರ ಬದಲಿಗೆ ಹೈವೇ ಪಕ್ಕದ ಜಾಗ ತಗೊಂಡೆ. ಊರನ್ನ ಕೇಳಲಿಲ್ಲ. ಅವತ್ತು ಸರಿ ಅನ್ನಿಸ್ತು, ಈಗ ನಂಗೇ ಗೊತ್ತಿಲ್ಲ. ಓಟು ಹಾಕೋಕೆ ಮುಂಚೆ ಎಲ್ರೂ ಇದನ್ನ ಕೇಳ್ಬೇಕು. ಬರ್ನಿ, ಇದನ್ನ ಮಾತ್ರ ಕಟ್ ಮಾಡ್ಬೇಡ.’

ಎರಡು ನಿಮಿಷ, ನಾಲ್ಕು ಸೆಕೆಂಡು.

ಮೇಲಿನ ತಿರುವು! ಅಮ್ಮ ಸಾಲ್ಮನ್ ಒಣಗಿಸುತ್ತಿದ್ದ ಚಪ್ಪರ ಅಲ್ಲಿದೆ. ಈಗ ನನ್ನ ಒಡಹುಟ್ಟಿದ ಮರ್ನಕ್ಕನದು.

ಮಾರ್ಚ್ 15, ಶುಕ್ರವಾರ

ಒಪ್ಪಂದದ ಆಫೀಸಿನ ಮ್ಯಾನೇಜರ್ ಡಾರ್ಸಿ ವಿಡಿಯೊ ನೋಡಿದ. ಪೆನ್ನು ಕಚ್ಚಿಕೊಂಡು ಕೂತಿದ್ದ.

‘ನೋಡಿ ಬರ್ನೀಸ್, ನಾವೇನೂ ಮುಚ್ಚಿಡ್ತಿಲ್ಲ. ನಕ್ಷೆ ಒಪ್ಪಂದದ ಕರಡು ಪ್ರತಿಯ ಹಿಂದೆ ಇದೆ.’

‘ಆರುನೂರು ಪುಟದ ಹಿಂದೆ. ಯಾರು ಓದ್ತಾರೆ?’

‘ಓದದೇ ಇರೋದು ನಮ್ಮ ತಪ್ಪಾ? ಮುದುಕರ ಪಶ್ಚಾತ್ತಾಪ ಎಲ್ಲಾ ಪಾಠದ ವಿಡಿಯೊಗೆ ಬೇಡ. ಆ ಎರಡು ನಿಮಿಷ ತೆಗೀರಿ.’

ತೆಗೆದೆ. ಈ ಕೆಲಸ ಹೋದರೆ ಈ ಊರಿನಲ್ಲಿ ನನಗೆ ಏನಿದೆ? ಆರು ವರ್ಷದವಳನ್ನು ಸರ್ಕಾರದವರು ಎತ್ತಿಕೊಂಡು ಹೋಗಿ ಬಿಳಿಯರ ಮನೆಗೆ ಸೇರಿಸಿದರು. ಮೂವತ್ತೊಂದಕ್ಕೆ ವಾಪಸು ಬಂದೆ. ಹದಿನಾರು ವರ್ಷವಾಯಿತು. ಈಗಲೂ ಅಂಗಡಿಯಲ್ಲಿ ಯಾರಾದರೂ ನಕ್ಕರೆ ನನ್ನನ್ನೇ ನೋಡಿ ನಕ್ಕರೇನೋ ಅನ್ನಿಸುತ್ತದೆ.

ಮಾರ್ಚ್ 28, ಗುರುವಾರ

ಆಸ್ಪತ್ರೆಗೆ ಹೋಗಿದ್ದೆ, ಮಾವನನ್ನು ನೋಡಲು. ಮರ್ನಕ್ಕ ಬಾಗಿಲಲ್ಲೇ ಸಿಕ್ಕಳು, ಗೋಡೆ ನೋಡಿಕೊಂಡು ಹೊರಟುಹೋದಳು. ನಾನು ಒಪ್ಪಂದದ ಆಫೀಸು ಸೇರಿದ ದಿನ ‘ಊರು ಮಾರೋರ ಹತ್ರ ಸಂಬಳ ತಗೋ, ಹೋಗು’ ಅಂದವಳು. ಮೂರು ವರ್ಷವಾಯಿತು, ಒಂದು ಮಾತಿಲ್ಲ.

ಮಾವ ಕಣ್ಣು ಮುಚ್ಚಿಕೊಂಡೇ ಕೇಳಿದರು.

‘ಹಾಕಿದ್ಯಾ?’

‘ಹೂಂ ಮಾವ. ಪೂರ್ತಿ ಹಾಕಿದೀನಿ.’

ಕೈ ಒತ್ತಿದರು... ಆ ಕೈ ಬಿಡಿಸಿಕೊಂಡು ಬರುವುದು ಕಷ್ಟವಾಯಿತು.

ಏಪ್ರಿಲ್ 2, ಮಂಗಳವಾರ

ಮಾವ ಹೋದರು. ಬೆಳಿಗ್ಗೆ ಒಂಬತ್ತಕ್ಕೆ.

ಸುಳ್ಳು ಹೇಳಿದೆ. ಅವರು ಅದನ್ನು ನಂಬಿಕೊಂಡು ಹೋದರು.

ಏಪ್ರಿಲ್ 23, ಮಂಗಳವಾರ

ಕುಟುಂಬದ ಕಡೆಯಿಂದ ಆಫೀಸಿಗೆ ಚೀಟಿ. ಅಕ್ಕನ ಅಕ್ಷರ. ‘ಪದ್ಧತಿ ಪ್ರಕಾರ ನಾಲ್ಕು ವರ್ಷ ಅವರ ಚಿತ್ರ, ಧ್ವನಿ ಎಲ್ಲೂ ಬರಬಾರದು.’ ಅವರ ಮನೆಯಲ್ಲಿ ಫೋಟೋಗಳನ್ನು ಆಗಲೇ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರಂತೆ.

ಡಾರ್ಸಿಯ ಮುಖದಲ್ಲಿ ಎಷ್ಟು ನಿರಾಳ! ‘ಪದ್ಧತಿಗೆ ಗೌರವ ಕೊಡ್ಲೇಬೇಕು. ಆರನೇದು ಕೈಬಿಡಿ.’

ಅಕ್ಕನಿಗೆ ಗೊತ್ತಿಲ್ಲ, ಯಾವ ಮಾತನ್ನು ಮುಚ್ಚಿಸಿದಳು ಎಂದು. ಗೊತ್ತಿರುವುದು ಡಾರ್ಸಿಗೆ ಮತ್ತು ನನಗೆ.

ಊಟ: ಬ್ರೆಡ್ಡು. ಹೆಡ್‌ಫೋನ್ ಕೈಗೆತ್ತಿಕೊಂಡೆ, ಮಾವನ ಧ್ವನಿ ಕೇಳಬೇಕೆನ್ನಿಸಿತು. ಕೆಳಗಿಟ್ಟೆ. ಕದ್ದು ಕೇಳುವುದಕ್ಕೆ ಮನಸ್ಸು ಬರಲಿಲ್ಲ.

ಮೇ 11, ಶನಿವಾರ

ಮಧ್ಯಾಹ್ನ ಊರಿನ ಕಾರ್ಯಗಳೆಲ್ಲ ನಡೆಯುವ ದೊಡ್ಡಮನೆಯಲ್ಲಿ ಒಂದು ಮಗುವಿಗೆ ಹೆಸರಿಡುವ ಕಾರ್ಯ. ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನಡೆದದ್ದನ್ನು ನೆನಪಿಟ್ಟುಕೊಳ್ಳಬೇಕಾದ ಸಾಕ್ಷಿಗಳನ್ನು ಕರೆದರು. ಒಬ್ಬೊಬ್ಬರ ಕೈಗೂ ಎರಡು ಕ್ವಾರ್ಟರ್ ಇಟ್ಟು ಹೇಳಿದರು — ಕಣ್ಣು ಬಿಟ್ಟು ನೋಡಿ, ಕಿವಿ ಬಿಟ್ಟು ಕೇಳಿ, ಮುಂದೆ ಯಾರು ವಿಚಾರಿಸಿದರೂ ಹೇಳಿ.

ನೂರು ಸಲ ನೋಡಿದ್ದೇನೆ. ಇವತ್ತೇ ಅರ್ಥವಾದದ್ದು.

ಮಾವ ಕಾಫಿಗೆ ಕೊಟ್ಟಿದ್ದಲ್ಲ. ಕ್ಯಾಮೆರಾವನ್ನು ಅವರು ನಂಬಿರಲೇ ಇಲ್ಲ. ನನ್ನನ್ನು ಸಾಕ್ಷಿಗೆ ಕರೆದಿದ್ದರು, ಪ್ರತಿ ಸಲವೂ. ಇಲ್ಲಿ ಬೆಳೆದ ಮಗುವಿಗೂ ತಿಳಿಯುತ್ತಿತ್ತು. ನಾನು ಅಷ್ಟನ್ನೂ ಮಷಿನ್‌ಗೆ ಹಾಕಿ ಕುಡಿದೆ!

ಚಿತ್ರ ತೋರಿಸಬಾರದು, ಸರಿ. ಸಾಕ್ಷಿಗೆ ಬಾಯಿ ಇದೆ.

ಮೇ 13, ಸೋಮವಾರ

ಅಕ್ಕನಿಗೆ ಫೋನ್ ಮಾಡಿದೆ. ನಾಲ್ಕನೇ ಸಲಕ್ಕೆ ಎತ್ತಿದಳು.

‘ಏನು?’

ನಾಣ್ಯದ ವಿಷಯ ಹೇಳಿದೆ. ನಕ್ಕುಬಿಟ್ಟಳು, ಅಮ್ಮನದೇ ನಗು.

‘ಅಯ್ಯೋ ಪೆದ್ದೀ! ಕಾಫಿ ಕುಡಿದ್ಯಾ?’

‘ಒಂದೂ ಉಳಿದಿಲ್ಲ ಅಕ್ಕ. ಈಗ ನಾನು ಸಾಕ್ಷಿ ಹೌದೋ ಅಲ್ವೋ?’

‘ಕಾಸು ಖರ್ಚಾದ್ರೆ ಆಗ್ಲಿ ಬಿಡೇ. ಕೇಳಿದ್ದು ನೆನಪಿದೆ ತಾನೆ? ಶನಿವಾರ ಓಟಿಗೆ ಮುಂಚಿನ ಊರ ಸಭೆ ಇದ್ಯಲ್ಲ, ಅಲ್ಲಿ ಎದ್ದು ನಿಂತ್ಕೊಂಡು ಹೇಳು. ನಿನ್ನ ಹೆಸರು ಕೂಗ್ಸೋದು ನನ್ನ ಜವಾಬ್ದಾರಿ. ಏನಂದ್ರು ಮಾವ?’

‘ಎಲ್ಲರ ಎದುರಿಗೇ ಹೇಳ್ತೀನಿ.’

‘ಸರಿ. ಅದೇ ಕ್ರಮ.’ ಫೋನಿಡುವ ಮೊದಲು, ‘ತಿಂಡಿ ಗಿಂಡಿ ತಿಂತೀಯೋ ಇಲ್ವೋ? ಹೊಳೆ ಹತ್ರ ಬಾ, ಈ ಸಲ ಚಪ್ಪರ ಹೊಸದಾಗಿ ಕಟ್ಟಿಸ್ತಿದೀನಿ. ಒಣಗಿಸೋಕೆ ನಂಗೂ ಒಂದು ಜೊತೆ ಕೈ ಬೇಕು.’

ಹೂಂ ಅಂದೆ. ಫೋನಿಟ್ಟು ತುಂಬಾ ಹೊತ್ತು ಅತ್ತೆ. ಮೂರು ವರ್ಷದಲ್ಲಿ ನನ್ನನ್ನು ಊಟ ಆಯಿತಾ ಎಂದು ಕೇಳಿದವರು ಯಾರೂ ಇರಲಿಲ್ಲ.

ಅಲ್ಲೇ ಕಟ್ಟಿಸುತ್ತಿದ್ದಾಳೆ. ಮಾವ ಬಿಟ್ಟುಕೊಟ್ಟ ಆ ತಿರುವಿನಲ್ಲೇ.

ಮೇ 17, ಶುಕ್ರವಾರ

ಡಾರ್ಸಿಗೆ ಯಾರೋ ಹೇಳಿದ್ದಾರೆ. ‘ಎದ್ದು ನಿಂತ್ರೆ ಸೋಮವಾರ ಬರೋದು ಬೇಡ.’ ಬೀಗದ ಕೈ ಅವನ ಮೇಜಿನ ಮೇಲಿಟ್ಟು ಬಂದೆ. ಅದಕ್ಕೆ ಭಯವಾಗಲಿಲ್ಲ. ಭಯವಿರುವುದು, ತಿರುವಿನ ವಿಷಯ ಕೇಳಿದಾಗಿನ ಅಕ್ಕನ ಮುಖದ್ದು.

ಮೇ 18, ಶನಿವಾರ. ಸಭೆ. 2.40

ಮೂರನೇ ಸಾಲಿನಲ್ಲಿ ಕೂತು ಬರೆಯುತ್ತಿದ್ದೇನೆ, ಕೈಗೆ ಬೇರೆ ಕೆಲಸವಿಲ್ಲ. ಇನ್ನೂರು ಜನ ಇರಬಹುದು. ಪಕ್ಕದ ಕುರ್ಚಿಗೆ ಕೋಟು ಹಾಕಿ ಅಕ್ಕ ಜಾಗ ಹಿಡಿದಿದ್ದಳು, ನನಗೆ. ಎಲ್ಲರೆದುರು ಕೈ ಬೀಸಿ ಕರೆದಳು. ‘ಇಲ್ಲಿ ಬಾರೇ!’ ಅಂತ.

ಒಣಮೀನು ತಂದಿದ್ದಾಳೆ, ಬಟ್ಟೆಯಲ್ಲಿ ಸುತ್ತಿ. ಹೋದ ವರ್ಷದ್ದು. ಮುರಿದು ಅರ್ಧ ಕೊಟ್ಟಳು. ‘ತಿನ್ನು. ಗಂಟಲು ಒಣಗಲ್ಲ.’ ಮೇಲಿನ ತಿರುವಿನ ಗಾಳಿಯ ರುಚಿ. ನಿಧಾನಕ್ಕೆ ಅಗಿಯುತ್ತಿದ್ದೇನೆ.

ಇನ್ನೊಬ್ಬರು ಮಾತಾಡಬೇಕು, ಆಮೇಲೆ ನಾನು. ಅಕ್ಕನ ಭುಜ ನನ್ನ ಭುಜಕ್ಕೆ ತಾಗಿದೆ. ಬೆಚ್ಚಗಿದೆ. ಸರಿದು ಕೂರಬೇಕೆನ್ನಿಸುತ್ತಿಲ್ಲ. ಇನ್ನೈದು ನಿಮಿಷ ಹೀಗೇ ಇರಲಿ, ಅಷ್ಟು ಸಾಕು.

ನನ್ನ ಹೆಸರು ಕೂಗಿದರು. ಅಕ್ಕ ಬೆನ್ನು ತಟ್ಟಿ ‘ಜೋರಾಗಿ ಹೇಳು, ನಂಗೆ ಕೇಳಿಸ್ಬೇಕು’ ಅಂದಳು. ಪುಸ್ತಕ ಮುಚ್ಚಿ ಏಳುತ್ತೇನೆ.