ಕಣ್ಣಳತೆಯ ಬಹುಮತ

ಶ್ವಾಂಡೆನ್, ಗ್ಲಾರುಸ್ ರಾಜ್ಯ
ಮೇ ತಿಂಗಳ ಮೊದಲ ಭಾನುವಾರ, ಸಂಜೆ

ನನ್ನ ಮುದ್ದಿನ ಅಜ್ಜಿಗೆ,

ಸೊಂಟ ಹೇಗಿದೆ? ಆಪರೇಷನ್ ಆದ ಮೂರೇ ದಿನಕ್ಕೆ ಕೋಲು ಬಿಟ್ಟು ನಡೆಯಲು ಹೋಗಿ ನರ್ಸಮ್ಮನಿಂದ ಬೈಸಿಕೊಂಡೆಯಂತೆ. ನನ್ನ ಹಟ ಯಾರ ಆಸ್ತಿಯೆಂದು ಈಗ ತಿಳಿಯಿತು. ನಾನೂ ತಾತನೂ ಕ್ಷೇಮ. ಇನ್ನು ರಾಜಕಾರ್ಯದ ವರದಿ. ದಿಂಬಿಗೊರಗಿ, ಗಾಂಭೀರ್ಯದಿಂದ ಓದತಕ್ಕದ್ದು.

ಇವತ್ತಿನ ಬಯಲು ಮಹಾಸಭೆಯಲ್ಲಿ ನಮ್ಮ ರಾಜ್ಯದ ಸಂವಿಧಾನ ತಿದ್ದಿ ಮತದಾನದ ವಯಸ್ಸನ್ನು ಹದಿನೆಂಟರಿಂದ ಹದಿನಾರಕ್ಕೆ ಇಳಿಸುವ ಮಾತಿತ್ತಲ್ಲ. ಗೆದ್ದರೆ ಬರುವ ವರ್ಷ ನಾನೂ ಕೈ ಎತ್ತಿ ಮತ ಹಾಕಬಹುದು. ಬಿದ್ದರೆ ಮತ್ತೆ ಸಭೆಯ ನಡುವೆ ಮಕ್ಕಳಿಗೆಂದು ಹಾಕಿದ ಬೆಂಚಿನಲ್ಲಿ ಹಾಲುಹಲ್ಲಿನವರ ಜೊತೆ. ಅಲ್ಲೇ ಕೂತಿದ್ದೆ. ಮೊದಲು ವೇದಿಕೆ ಹತ್ತಿದವರು ಯಾರು ಗೊತ್ತೆ? ನಿನ್ನ ಗಂಡ. "ಪರಮವಿಶ್ವಾಸದ ನಾಡಬಾಂಧವರೇ, ನಮ್ಮನೇಲೂ ಒಬ್ಬಳು ಹದಿನಾರರವಳು ಇದ್ದಾಳೆ. ಹೋದ ವಾರ ನನ್ನ ಟೋಪಿ ತುಂಬ ಗಬ್ಬು ನಾರೋ ಹಸಿರು ಚೀಸ್ ಪುಡಿ ಸುರಿದಿದ್ದಳು. ಇಡೀ ಚರ್ಚು ನನ್ನಿಂದ ದೂರ ಕೂತಿತ್ತು. ಇವಳ ಕೈಗೆ ಸಂವಿಧಾನ ಕೊಡೋದಾ?" ಸಾವಿರಾರು ಜನ ನನ್ನ ಕಡೆ ತಿರುಗಿದರು. ಎದ್ದು ನಿಂತು ತಲೆಬಾಗಿ ವಂದಿಸಿದೆ. ಆಗ ಬೇಕರಿಯ ಟ್ರುಂಪಿ ಅತ್ತೆ ವೇದಿಕೆ ಹತ್ತಿ, "ಬಾಲ್ತ್ಸ್, ನೀನು ಅದೇ ವಯಸ್ಸಲ್ಲಿ ಪಾದ್ರಿಗಳ ಮೇಕೆಯನ್ನ ಗಂಟೆಗೋಪುರಕ್ಕೆ ಹತ್ತಿಸಿದ್ದೆ. ನಿನಗೂ ಮತ ಬಂತಲ್ಲಪ್ಪಾ, ನಾಡೇನು ಮುಳುಗಿತಾ?" ಎಂದರು. ಮೇಕೆಯ ವಿಷಯ ನೀನ್ಯಾಕೆ ನನಗೆ ಹೇಳಿರಲಿಲ್ಲ?

ಕೈಗಳು ಎದ್ದವು. ಸಭೆ ನಡೆಸುವ ಮುಖ್ಯಸ್ಥರು ಎಣಿಸುವುದಿಲ್ಲ, ಕಣ್ಣಲ್ಲೇ ಅಳೆಯುತ್ತಾರೆ. ಅಳೆದರು, ಹುಬ್ಬು ಗಂಟಿಕ್ಕಿದರು, ಇನ್ನೊಮ್ಮೆ ಎತ್ತಿಸಿದರು. ಬೇಡ ಎನ್ನುವ ಸರದಿ ಬಂದಾಗ ತಾತ ನನ್ನನ್ನೇ ನೋಡುತ್ತಾ ಕೈಯನ್ನು ಕಂಬದಂತೆ ಎತ್ತಿ ಹಿಡಿದರು. ಮುಚ್ಚುಮರೆ ಇಲ್ಲ. ಕೋಪ ಬರಬೇಕಿತ್ತು, ಬರಲಿಲ್ಲ. ಆಮೇಲೆ ಮುಖ್ಯಸ್ಥರು ಹೇಳಿದರು: ತಿದ್ದುಪಡಿ ಗೆದ್ದಿದೆ.

ಪಕ್ಕದ ಮನೆ ಯೋಸ್ಟ್ ಮಾವ ಸಿಡುಕಿದರು: "ಅವನ ಕಣ್ಣಿಗೆ ಪೊರೆ ಬಂದಿದೆ. ನಮ್ಮ ಕೈನೇ ಜಾಸ್ತಿ ಇತ್ತು." ಸೋತವರಲ್ಲಿ ಮೊದಲಿಗರಾದ ತಾತ ಟೋಪಿ ಹಾಕಿಕೊಂಡು ಅಂದರು: "ನೀನು ನಿಂತಿದ್ದು ನಮ್ಮವರ ಮಧ್ಯೆ ಕಣೋ, ನಿನಗೆ ಕಂಡಿದ್ದು ನಮ್ಮ ಕೈಗಳೇ. ಅವನು ಮೇಲೆ ನಿಂತಿದ್ದ. ಮುಗೀತು, ನಡಿ." ಆಮೇಲೆ ನನಗೆ ಬಿಳಿ ಸಾಸೇಜು, ಹಿಸುಕಿದ ಆಲೂಗಡ್ಡೆ, ಒಣ ಪ್ಲಮ್ಮು ಕೊಡಿಸಿ, ತಮ್ಮ ತಟ್ಟೆಯ ಪ್ಲಮ್ಮುಗಳನ್ನೂ ನನಗೇ ಹಾಕಿದರು. ಅಜ್ಜಿ, ಇಷ್ಟು ಚೆನ್ನಾಗಿ ಸೋಲುವವರನ್ನು ನಾನು ನೋಡಿಲ್ಲ.

ನಿನ್ನ ಎರಡೂ ಕೆನ್ನೆಗೆ ಮುತ್ತು, ನರ್ಸಮ್ಮನಿಗೆ ನನ್ನ ಸಂತಾಪ.

ನಿನ್ನ
ರೇಗುಲಾ

ಮರೆತಿದ್ದೆ: ರಾಜ್ಯದ ಸಂವಿಧಾನ ತಿದ್ದಿದರೆ ಬರ್ನಿನಲ್ಲಿರುವ ದೇಶದ ಸಂಸತ್ತೂ ಒಪ್ಪಬೇಕಲ್ಲ. ಅವರು ಬೇಡ ಅಂದರೆ, ಎಂದು ಸುಮ್ಮನೆ ಕೆಣಕಿದೆ. ತಾತ ಫೋರ್ಕ್ ಕೆಳಗಿಟ್ಟರು. "ದೇಶದ ಸಂವಿಧಾನ ತಿದ್ದೋವಾಗ ಜನರ ಬಹುಮತ ಸಾಲದು, ರಾಜ್ಯಗಳ ಬಹುಮತವೂ ಬೇಕು ಅಂತ ನಮ್ಮ ಬಾಗಿಲಿಗೆ ಬರ್ತಾರೆ. ಈಗ ನಾವು ಕೈ ಎತ್ತಿ ಮಾಡಿದ್ದನ್ನ ಬೇಡ ಅಂತಾರಾ? ಅನ್ನಲಿ ನೋಡೋಣ." ಬರ್ನಿಗೆ ಬೆಳಗಿನ ರೈಲು ಎಷ್ಟು ಹೊತ್ತಿಗೆ ಎಂದು ನನ್ನಿಂದಲೇ ಹುಡುಕಿಸಿದ್ದಾರೆ. ನಿನಗೆ ಫೋನ್ ಮಾಡಿದರೆ ದಯವಿಟ್ಟು ತಡೆಯಬೇಡ.